ಒದೆಯುತ್ತಿರುವುದು ಹಾಲಲ್ಲ ಅಣ್ಣ, ಗೇರು

ಗಂಗಾಧರಣ್ಣನಿಗೆ,

ನೀನು ಫೋನ್ ಎತ್ತುತ್ತಿಲ್ಲ. ಮನೆಗೆ ಬಂದರೆ ಎದ್ದು ಹೊರಗೆ ಹೋಗುತ್ತೀಯ ಅಂತಲೂ ಗೊತ್ತು. ಅದಕ್ಕೇ ಅಂಗಡಿಗೆ ರಜಾ ಹಾಕಿ ತುಮಕೂರಿನಿಂದ ಬಂದು, ಕುಣಿಗಲ್ ಬಸ್ ಸ್ಟ್ಯಾಂಡಿನ ಬೆಂಚಿನ ಮೇಲೆ ಕೂತು ಈ ಕಾಗದ ಬರೆಯುತ್ತಿದ್ದೇನೆ. ನೇತ್ರಾವತಿ ಅತ್ತಿಗೆ ಇಲ್ಲಿಗೇ ಬಂದು ತೆಗೆದುಕೊಂಡು ಹೋಗುತ್ತಾರೆ. ಓದಿದ ಮೇಲೆ ಹರಿದು ಹಾಕು, ಬೇಜಾರಿಲ್ಲ. ಓದದೆ ಮಾತ್ರ ಹರಿಯಬೇಡ.

ನಾಳೆ ಬೆಳಿಗ್ಗೆ ಹಾಲಿನ ಟ್ಯಾಂಕರ್ ತೆಗೆದುಕೊಂಡು ಶಿರಾಡಿ ಘಾಟಿ ಇಳಿದು ಮಂಗಳೂರಿಗೆ ಹೋಗು ಅಂತ ಸೂಪರ್‌ವೈಸರ್ ನರಸಿಂಹಯ್ಯ ನಿನಗೆ ಹೇಳಿದ್ದಾರಂತೆ. ಹೋಗಬೇಡ ಅಣ್ಣ. ಹೇಳಬೇಕಾದದ್ದು ಇಷ್ಟೇ. ಆದರೆ ಇಷ್ಟೇ ಹೇಳಿದರೆ ನೀನು ಕೇಳುವವನಲ್ಲ.

ಕ್ಲಚ್ ಪೆಡಲ್ಲೇ ಇಲ್ಲದ ಈ ಹೊಸ ಲಾರಿಯನ್ನು ನಿನ್ನ ಕೈಗೆ ಕೊಟ್ಟ ದಿನ ನೆನಪಿದೆಯಾ? ಮನೆ ಮುಂದೆ ನಿಲ್ಲಿಸಿ, ಎಡಗಾಲನ್ನು ಸೀಟಿನ ಮೇಲೆ ಮಡಚಿಕೊಂಡು ಕೂತು, "ನೋಡೇ ಇಂಪಿ, ಇನ್ಮೇಲೆ ಈ ಕಾಲಿಗೆ ಪೆನ್ಷನ್ನು" ಅಂದಿದ್ದೆ. ಗೇರನ್ನು ಲಾರಿಯೇ ಹಾಕಿಕೊಳ್ಳುತ್ತದೆ ಅಂದಾಗ ಅತ್ತಿಗೆ, "ಹಂಗಾರೆ ನಿಮಗ್ಯಾಕೆ ಸಂಬಳ?" ಅಂತ ಕೇಳಿದ್ದರು. ಎಷ್ಟು ನಕ್ಕಿದ್ದೆವು. ಈಗ ಆ ಲಾರಿಯ ಹೆಸರು ಕೇಳಿದರೆ ನಗು ಬರುವುದಿಲ್ಲ.

ಕಳೆದ ಭಾನುವಾರ ನಿನ್ನ ಜೊತೆ ಕುಣಿಗಲ್‌ನಿಂದ ತುಮಕೂರಿಗೆ ಅದೇ ಲಾರಿಯಲ್ಲಿ ಬಂದೆನಲ್ಲ, ಅವತ್ತು ಟ್ಯಾಂಕು ಅರ್ಧ ತುಂಬಿತ್ತು. ಹೆಬ್ಬೂರು ದಾಟುವ ಮೊದಲೇ ನಾಲ್ಕೈದು ಸಲ ಲಾರಿ ಒದೆಯಿತು. ಒಂದು ಸಲವಂತೂ ನನ್ನ ಹಣೆ ಮುಂದಿನ ಗಾಜಿಗೆ ಬಡಿಯುವುದೊಂದು ಬಾಕಿ. ನೀನು ಸ್ಟೀರಿಂಗ್ ತಟ್ಟಿ, "ಹಾಲು ಕಣೇ, ಅರ್ಧ ಟ್ಯಾಂಕಿದ್ರೆ ಹಂಗೇ ಕುಣೀತದೆ" ಅಂದೆ. ನಿಮ್ಮ ಡ್ರೈವರ್‌ಗಳೆಲ್ಲ ಅದನ್ನೇ ಹೇಳುತ್ತಾರೆ. ನರಸಿಂಹಯ್ಯನವರೂ ಅದನ್ನೇ ಹೇಳುತ್ತಾರೆ. ನಾನೂ ಅವತ್ತು ನಂಬಲು ನೋಡಿದೆ. ಭಯಪಟ್ಟವರಿಗೆ ನಂಬಿಕೆಯೇ ಸುಲಭ.

ಆದರೆ ಸುಮ್ಮನೆ ಕೂತು ಗಮನಿಸಿದೆ. ಹಾಲಿನ ತಳ್ಳು ಬೇರೆ. ನೀನು ಬ್ರೇಕ್ ಹಿಡಿದ ಮೇಲೆ ಅದು ಬರುತ್ತದೆ, ಜಾತ್ರೆಯ ನೂಕುನುಗ್ಗಲಲ್ಲಿ ಯಾರೋ ಬೆನ್ನಿಗೆ ಒರಗಿದ ಹಾಗೆ ಮೆತ್ತಗೆ. ಇನ್ನೊಂದು ಒದೆ ಹಾಗಲ್ಲ. ಏರು ಹತ್ತುವಾಗ, ಬ್ರೇಕ್ ಮುಟ್ಟದೇ ಇದ್ದಾಗ, ಎಂಜಿನ್ ಸುಮ್ಮನೆ ಕಿರುಚಿಕೊಳ್ಳುತ್ತದೆ, ಮೀಟರಿನ ಮುಳ್ಳು ಮೇಲಕ್ಕೆ ಹಾರುತ್ತದೆ, ಲಾರಿ ಮಾತ್ರ ಎಳೆಯುವುದಿಲ್ಲ. ಆಮೇಲೆ ಧಡ್ ಅಂತ ಗೇರು ಕಚ್ಚಿಕೊಳ್ಳುತ್ತದೆ. ತುಮಕೂರಿನಲ್ಲಿ ಹಾಲು ಇಳಿಸಿ, ಟ್ಯಾಂಕು ತೊಳೆದ ಮೇಲೆ, ಗುಬ್ಬಿ ರಸ್ತೆಯಲ್ಲಿ ಒಂದು ಸುತ್ತು ಹೋಗಿಬರೋಣ ಅಂತ ನಾನು ಹಟ ಮಾಡಿದ್ದು ಅದಕ್ಕೇ. ಖಾಲಿ ಟ್ಯಾಂಕಿನಲ್ಲಿ ಕುಣಿಯಲು ಹಾಲು ಎಲ್ಲಿತ್ತು? ಆದರೂ ಒದೆಯಿತು. ಅದೇ ಕಿರುಚು, ಅದೇ ಧಡ್. ಆಗ ನಿನ್ನ ಮುಖ ನೋಡಿದೆ. ನೀನು ರೇಡಿಯೋ ಸದ್ದು ಜಾಸ್ತಿ ಮಾಡಿದೆ.

ಗೇರ್ ಬಾಕ್ಸಿನ ಆಯಿಲ್ ಕಡಿಮೆಯಾಗಿರಬಹುದು ಅಂತ ನಾನು ಹೇಳಿದೆ. ನೀನು "ದಿನಾ ನೋಡ್ತೀನಿ ಕಣೇ, ತುಂಬಿದೆ" ಅಂದೆ. ನೋಡುತ್ತೀಯ, ನಾನೂ ನೋಡಿದ್ದೇನೆ. ಬೆಳಗಾಗುತ್ತಲೇ ಸ್ನಾನ ಮಾಡಿ, ಲಾರಿಗೆ ಊದುಬತ್ತಿ ಹಚ್ಚಿ, ಎಂಜಿನ್ ಚಾಲೂ ಮಾಡುವ ಮೊದಲೇ ಆಯಿಲ್ ಅಳೆಯುವ ಕಡ್ಡಿ ಎಳೆದು, ಬೆರಳಿಗೆ ಹತ್ತಿದ ಆಯಿಲನ್ನು ನೋಡಿ ಕಣ್ಣಿಗೊತ್ತಿಕೊಳ್ಳುತ್ತೀಯ. ಅಪ್ಪ ಹಾಗೆ ಮಾಡುತ್ತಿದ್ದರು. "ತಣ್ಣಗಿರೋ ಎಂಜಿನ್ನು ಸುಳ್ಳು ಹೇಳಲ್ಲ" ಅಂತ ಅಪ್ಪನೇ ಕಲಿಸಿದ್ದು. ಅಪ್ಪನ ಹಳೇ ಲಾರಿಯ ಎಂಜಿನ್ನಿಗೆ ಆ ಮಾತು ಸರಿ. ಈ ಗೇರ್ ಬಾಕ್ಸಿಗೆ ಅದು ತಪ್ಪು ಅಣ್ಣ. ಎಂಜಿನ್ ನಿಂತಿದ್ದಾಗ ಒಳಗೆಲ್ಲ ಹರಡಿದ್ದ ಆಯಿಲ್ ಇಳಿದು ಬಂದು ತಳದಲ್ಲಿ ನಿಲ್ಲುತ್ತದೆ, ಕಡ್ಡಿಗೆ ತುಂಬಿದ ಹಾಗೆ ಕಾಣುತ್ತದೆ. ಲಾರಿ ಓಡಿ ಬಿಸಿಯಾದ ಮೇಲೆ, ಸಮತಟ್ಟು ಜಾಗದಲ್ಲಿ, ಹ್ಯಾಂಡ್ ಬ್ರೇಕ್ ಹಾಕಿ, ನ್ಯೂಟ್ರಲ್‌ನಲ್ಲಿ ಎಂಜಿನ್ ಓಡುತ್ತಿರುವಾಗಲೇ ಕಡ್ಡಿ ಎಳೆಯಬೇಕು. ನಮ್ಮ ಸ್ಪೇರ್ ಪಾರ್ಟ್ಸ್ ಅಂಗಡಿಗೆ ಆಯಿಲ್ ಡಬ್ಬಗಳ ಜೊತೆ ಬರುವ ಕರಪತ್ರಗಳಲ್ಲಿ ಕನ್ನಡದಲ್ಲೇ ಇದು ಅಚ್ಚಾಗಿದೆ. ಜನ ಅದರಲ್ಲಿ ನಟ್ಟು ಬೋಲ್ಟು ಕಟ್ಟಿಸಿಕೊಂಡು ಹೋಗುತ್ತಾರೆ. ನಾನು ಓದುತ್ತೇನೆ. ಕಾರ್ಮಿಕ ಸಂಘದವರು ಹಂಚುವುದನ್ನೂ ಓದುತ್ತೇನೆ. ನೀನು ಎರಡನ್ನೂ ಸೇರಿಸಿ "ಇಂಪಿಯ ಪುರಾಣ" ಅನ್ನುತ್ತೀಯ.

ಅವತ್ತು ಗುಬ್ಬಿ ರಸ್ತೆಯಿಂದ ಡೈರಿ ಯಾರ್ಡಿಗೆ ವಾಪಸ್ ಬಂದು, ನೀನು ಹಾಲಿನ ರಸೀದಿಗೆ ಸಹಿ ಹಾಕಿಸಲು ಒಳಗೆ ಹೋದಾಗ ನಾನು ಹಾಗೇ ಮಾಡಿದೆ. ಎಂಜಿನ್ ಓಡುತ್ತಿತ್ತು. ಕಡ್ಡಿಯ ತುದಿ ಬರೀ ಒದ್ದೆಯಾಗಿತ್ತು, ಕೆಳಗಿನ ಗುರುತಿಗೂ ಆಯಿಲ್ ಮುಟ್ಟಿರಲಿಲ್ಲ. ಕೆಂಪಗಿರಬೇಕಾದದ್ದು ಕಾಫಿ ಗಸಿಯ ಹಾಗೆ ಕಪ್ಪಾಗಿ, ಸೀದ ವಾಸನೆ ಬರುತ್ತಿತ್ತು. ಅದನ್ನು ತೋರಿಸಲೆಂದು ಕೈಯಲ್ಲಿ ಹಿಡಿದುಕೊಂಡೇ ನಿಂತಿದ್ದೆ. ನಿನಗಿಂತ ಮುಂಚೆ ನರಸಿಂಹಯ್ಯ ಬಂದರು. "ಏನಮ್ಮಾ, ಯಾರ್ಡಲ್ಲಿ ಹುಡುಗೀರ ವರ್ಕ್‌ಶಾಪ್ ಯಾವಾಗಿಂದ?" ಅಂದರು. ನಾನು ಸುಮ್ಮನಿರಬೇಕಿತ್ತೋ ಏನೋ. ಆಗಲಿಲ್ಲ. ಕೆಟ್ಟ ಗಾಡಿ ಓಡಿಸಲ್ಲ ಅನ್ನುವ ಹಕ್ಕು ಡ್ರೈವರಿಗಿದೆ, ಹಾಲು ಕೆಡುತ್ತದೆ ಅಂತ ಮನುಷ್ಯನನ್ನು ಕೆಡಿಸುವ ಹಕ್ಕು ನಿಮಗಿಲ್ಲ ಅಂತ ಎಲ್ಲರ ಮುಂದೆ ಕೂಗಿದೆ. ಅವರು ನಕ್ಕು, ಆಗ ತಾನೇ ಹೊರಗೆ ಬಂದ ನಿನ್ನ ಕಡೆ ತಿರುಗಿ, "ಗಂಗಾಧರ, ಲಾರಿ ಓಡ್ಸೋನು ನೀನೋ ನಿನ್ ತಂಗಿನೋ?" ಅಂದರು. ಉಳಿದ ಡ್ರೈವರ್‌ಗಳೂ ನಕ್ಕರು. ನೀನು ಕಡ್ಡಿಯನ್ನು ನನ್ನ ಕೈಯಿಂದ ಕಿತ್ತುಕೊಂಡು, ನೋಡದೇ ಒಳಕ್ಕೆ ತುರುಕಿ, "ನಡಿಯೇ ಮನೆಗೆ. ಇನ್ನೊಂದ್ಸಲ ಈ ಕಡೆ ತಲೆ ಹಾಕಿದ್ರೆ ನೋಡು" ಅಂದೆ.

ನೋಡದೇ ತುರುಕಿದೆಯಲ್ಲ ಅಣ್ಣ, ಅದೇ ನನ್ನನ್ನು ತಿನ್ನುತ್ತಿದೆ.

ನಾನು ತಪ್ಪೂ ಇರಬಹುದು. ಬರೀ ಆಯಿಲ್ ಅಲ್ಲದೆ ಒಳಗಿನ ಪ್ಲೇಟುಗಳೇ ಸವೆದಿರಬಹುದು, ಯಾವುದೋ ವೈರಿನ ತೊಂದರೆಯೂ ಇರಬಹುದು. ಕಂಪ್ಯೂಟರ್ ಹಾಕಿ ನೋಡುವವರು ಹೇಳಲಿ. ಸುಮ್ಮನೆ ಆಯಿಲ್ ತುಂಬಿಸಿ ಹೊರಟುಬಿಡಬೇಡ. ಎಲ್ಲಿ ಸೋರಿದೆ ಅಂತ ಗೊತ್ತಾಗದೆ ತುಂಬಿಸಿದರೆ ಅದೂ ದಾರಿಯಲ್ಲೇ ಹೋಗುತ್ತದೆ. ಇಷ್ಟು ದಿನ ಏರಿನಲ್ಲಿ ಜಾರಿದ್ದು ನಾಳೆ ಇಳಿಜಾರಿನಲ್ಲೂ ಜಾರಿದರೆ? ಘಾಟಿ ಇಳಿಯುವಾಗ ಲಾರಿಯನ್ನು ಹಿಡಿದಿಡುವುದು ಗೇರು. ಅದು ಕೈಬಿಟ್ಟರೆ ಅಷ್ಟೂ ಭಾರ ಬ್ರೇಕಿನ ಮೇಲೆ. ಬ್ರೇಕು ಎಷ್ಟು ತಿರುವು ತಡೆದೀತು? ಕಣ್ಣು ಮುಚ್ಚಿದರೆ ಆ ರಸ್ತೆಯೇ ಕಾಣುತ್ತದೆ. ಎಂಜಿನ್ ಕಿರುಚುವ ಸದ್ದು ಕೇಳಿಸುತ್ತದೆ. ಆ ಧಡ್ ಬರಲಿ ಬರಲಿ ಅಂತ ಕಾಯುತ್ತೇನೆ. ಅದು ಬರುವುದೇ ಇಲ್ಲ.

ಬಸ್ಸುಗಳು ಬಂದು ಹೋಗುತ್ತಿವೆ. ಒಂದೊಂದು ಬಸ್ಸು ಗೇರು ಬದಲಿಸಿದಾಗಲೂ ನನ್ನ ಪೆನ್ನು ನಿಲ್ಲುತ್ತದೆ. ನಾನು ಧೈರ್ಯದವಳು ಅಂತ ಎಲ್ಲರೂ ಅಂದುಕೊಂಡಿದ್ದಾರೆ. ಜಿಲ್ಲಾಧಿಕಾರಿ ಕಚೇರಿ ಮುಂದೆ ಘೋಷಣೆ ಕೂಗುವಾಗ ನನಗೆ ಭಯವಾಗಲಿಲ್ಲ, ಪೊಲೀಸಿನವರು ವ್ಯಾನು ಹತ್ತಿಸಿದಾಗಲೂ ಆಗಲಿಲ್ಲ. ಈಗ ಆಗುತ್ತಿದೆ. ಅನ್ಯಾಯ ಅಂದರೆ ಎದುರಿಗೆ ನಿಂತಿರುತ್ತದೆ, ಬೈಯಬಹುದು. ಸವೆಯುತ್ತಿರುವ ಕಬ್ಬಿಣಕ್ಕೆ ಏನಂತ ಘೋಷಣೆ ಕೂಗಲಿ?

ನೀನು ಹೋಗುವುದು ಲಾರಿಯ ಮೇಲಿನ ನಂಬಿಕೆಯಿಂದಲ್ಲ ಅಂತ ನನಗೆ ಗೊತ್ತು. ಅವತ್ತು ಎಲ್ಲರೂ ನಕ್ಕರಲ್ಲ, ಅದಕ್ಕೆ. ಈಗ ನಿಂತರೆ ತಂಗಿಯ ಮಾತು ಕೇಳಿ ಹೆದರಿದ ಅನ್ನುತ್ತಾರೆ ಅಂತ. ಹಾಗಾದರೆ ಕೇಳು. ನಾಳೆ ಬೆಳಿಗ್ಗೆ ನಾನೇ ಯಾರ್ಡಿಗೆ ಬರುತ್ತೇನೆ. ನರಸಿಂಹಯ್ಯನವರ ಮುಂದೆ, ಅವತ್ತು ನಕ್ಕವರೆಲ್ಲರ ಮುಂದೆ ಕೈ ಮುಗಿಯುತ್ತೇನೆ. ತಪ್ಪಾಯ್ತು ಸಾರ್, ಬಾಯಿ ಜೋರು ಮಾಡಿದ್ದು ನಾನು, ನಮ್ಮಣ್ಣಂದು ಏನೂ ಇಲ್ಲ ಅನ್ನುತ್ತೇನೆ. ಬಗ್ಗಬಾರದು ಅಂತ ನಾನು ಓದಿದ್ದೆಲ್ಲ ಹೇಳುತ್ತದೆ. ಬಗ್ಗುತ್ತೇನೆ. ಅವರು ಬೇಕಾದಷ್ಟು ನಗಲಿ. ಅವರ ನಗು ಮುಗಿಯುವ ತನಕ ನಿಂತಿರುತ್ತೇನೆ. ಅಷ್ಟರಲ್ಲಿ ನೀನು ಎಂಜಿನ್ ಬಿಸಿ ಮಾಡಿ, ಆ ಕಡ್ಡಿಯನ್ನು ಒಂದೇ ಒಂದು ಸಲ ಎಳೆದು ನೋಡು. ನೋಡಿದ ಮೇಲೂ ಹೊರಡುವುದಾದರೆ ಪಕ್ಕದ ಸೀಟಿನಲ್ಲಿ ನಾನಿರುತ್ತೇನೆ. ಇಳಿಸಲು ನೋಡಬೇಡ, ಇಳಿಯುವುದಿಲ್ಲ.

ಅತ್ತಿಗೆ ರಸ್ತೆ ದಾಟುತ್ತಿದ್ದಾರೆ. ಅವರಿಗೆ ನಾನು ಏನೂ ಹೇಳಿಲ್ಲ. ಕಾಗದ ಯಾಕೆ ಅಂತ ಕೇಳಿದರೆ ನೀನೇ ಹೇಳು.

ಚಿಕ್ಕವಳು ದೊಡ್ಡವನನ್ನು ಹರಸಬಾರದಂತೆ. ಆದರೂ ಹರಸುತ್ತೇನೆ: ನಾಳೆ ನಿನ್ನ ಚಕ್ರಗಳು ತಿರುಗದಿರಲಿ.

ನಿನ್ನ ತಂಗಿ,
ಇಂಪನಾ