ಮೋರಿಯಿಂದ ಒಣ ಪೈನ್ ಮರದವರೆಗೆ

ಆಗಸ್ಟ್ 29, ರಾತ್ರಿ 9.40

ಮತ್ತೆ ಟ್ರಕ್ಕಿನಲ್ಲಿ ಕೂತು ಫೋನಿಗೆ ಮಾತಾಡಿ ರೆಕಾರ್ಡ್ ಮಾಡುತ್ತಿದ್ದೇನೆ. ಮನೆಯೊಳಗೆ ಅಪ್ಪನ ಅಕ್ಕ ವೆರ್ನಾ ಅತ್ತೆಗೆ ಈಗಷ್ಟೆ ನಿದ್ದೆ ಹತ್ತಿದೆ. ನನಗೆ ಭುಜ ಎತ್ತಲು ಆಗುತ್ತಿಲ್ಲ. ಆರು ಗಂಟೆ ದೋಣಿಯಲ್ಲಿ ನಿಂತು ಗಳ ಹಾಕಿದೆ, ಕೆರೆಯ ತಳಕ್ಕೆ ಊರಿ ತಳ್ಳುತ್ತ. ಅತ್ತೆ ಮುಂದೆ ಕೂತು ಒಂದು ಕೋಲಿನಿಂದ ತೆನೆ ಬಾಗಿಸುತ್ತಾಳೆ, ಇನ್ನೊಂದರಿಂದ ಸವರಿದ ಹಾಗೆ ಬಡಿಯುತ್ತಾಳೆ. ಕೆರೆಯಲ್ಲಿ ತಾನಾಗಿ ಬೆಳೆಯುವ ಕಾಡಕ್ಕಿ ಇದು, ಮಾಗಿದ ಕಾಳು ಮಾತ್ರ ದೋಣಿಗೆ ಬೀಳುತ್ತದೆ. ಉಳಿದದ್ದು ನೀರಿನದು.

"ಬೇರು ಕೀಳ್ಬೇಡ ಮಗಾ. ಕೆಟ್ಟು ನಿಂತ ಬಸ್ಸು ತಳ್ದಂಗೆ ತಳ್ತೀಯಲ್ಲ."

ಮಿನಿಯಾಪೊಲಿಸ್ ಬಿಟ್ಟು ಬಂದು ಐದು ವಾರ. ಇಲ್ಲೂ ಬೈಗುಳ ತಪ್ಪಿಲ್ಲ.

ಆಗಸ್ಟ್ 31

ಕೆರೆಯ ಈಚೆ ಅರ್ಧ ಸರ್ಕಾರದ್ದು. ಲೈಸೆನ್ಸ್ ಇದ್ದರೆ ಯಾರು ಬೇಕಾದರೂ ಬಡಿಯಬಹುದು, ಒಂಬತ್ತರಿಂದ ಮೂರರವರೆಗೆ. ಆಚೆ ಅರ್ಧ ನಮ್ಮ ಬುಡಕಟ್ಟಿನದು. ಅಲ್ಲಿಗೆ ಪಟ್ಟಿಯಲ್ಲಿ ಹೆಸರಿರುವವರು ಮಾತ್ರ. ಅಪ್ಪನ ಹೆಸರಿತ್ತು. ಅತ್ತೆಯದಿದೆ. ನನ್ನದಿಲ್ಲ. ಪಟ್ಟಿಗೆ ಸೇರಲು ಬುಡಕಟ್ಟಿನ ರಕ್ತ ಇಷ್ಟು ಪಾಲು ಇರಬೇಕು ಅಂತ ಲೆಕ್ಕ, ನನ್ನದು ಚೂರು ಕಡಿಮೆ ಬಿತ್ತು.

ಬೇಲಿ ಗೀಲಿ ಏನಿಲ್ಲ. ದಡದ ಮೋರಿಯಿಂದ ದ್ವೀಪದ ಒಣ ಪೈನ್ ಮರಕ್ಕೆ ನೇರ ಗೆರೆ. ಕೂತವರಿಗೆ ಪೈರು ತಲೆಗಿಂತ ಎತ್ತರ, ಏನೂ ಕಾಣದು. ಗೆರೆ ನೋಡಿಕೊಳ್ಳಬೇಕಾದವನು ಗಳ ಹಿಡಿದು ನಿಂತವನು.

ಸೆಪ್ಟೆಂಬರ್ 2

ದಾಟಿದೆ.

ಈಚೆ ಕಡೆ ಬಡಿದೂ ಬಡಿದೂ ಬರೀ ಹೊಟ್ಟು. ಆಚೆ ಮಾಗಿ ತೂಗುತ್ತಿತ್ತು. ಎರಡು ಮೂಟೆ ಆಯಿತು. ಅಷ್ಟರಲ್ಲಿ ಲೆರಾಯ್ ದೋಣಿ ಅಡ್ಡ ಬಂತು. ಕಾಡಕ್ಕಿ ಸಮಿತಿಯ ಹಿರಿಯ ಅವನು. ಕೆರೆಯನ್ನು ಯಾವ ದಿನ ಕೊಯ್ಲಿಗೆ ತೆರೆಯಬೇಕು ಅನ್ನುವುದು ಅವನ ಮಾತು.

"ವೆರ್ನಾ, ನಿನ್ನ ಹುಡುಗ ಎಲ್ಲಿ ನಿಂತವ್ನೆ ಗೊತ್ತಾ?"

"ನಾನೇ ಹೋಗು ಅಂದೆ," ಅಂದಳು ಅತ್ತೆ.

ಅಂದಿರಲಿಲ್ಲ.

ಅವನು ನನ್ನ ಕಡೆ ತಿರುಗಿದ. "ಮರ ಕಾಣ್ಲಿಲ್ವೇನಪ್ಪಾ?"

"ಇಲ್ಲ."

"ಹಂಗಾದ್ರೆ ಕನ್ನಡಕ ಮಾಡಿಸ್ಕೊ."

ಎರಡೂ ಮೂಟೆ ನೀರಿಗೆ ವಾಪಸ್. ಅತ್ತೆಯೇ ಸುರಿದಳು. ಕೈಯಾಡಿಸುತ್ತ, ನಿಧಾನವಾಗಿ, ಬಿತ್ತನೆ ಮಾಡುವ ಹಾಗೆ. ಬುಡಕಟ್ಟು ಕೊಟ್ಟ ಅವಳ ಕಾರ್ಡು, ಈಚೆ ಕಡೆಗೂ ಅವಳಿಗೆ ಅದೇ ಲೈಸೆನ್ಸ್, ಲೆರಾಯ್ ಜೇಬಿಗೆ ಹೋಯಿತು. ಬುಧವಾರ ಸಮಿತಿ ಸೇರುತ್ತದೆ. ಅಲ್ಲಿಯವರೆಗೆ ಅತ್ತೆ ಯಾವ ಕಡೆಯೂ ನೀರಿಗೆ ಇಳಿಯುವ ಹಾಗಿಲ್ಲ. ಸಮಿತಿ ಬೇಡ ಅಂದರೆ ಈ ವರ್ಷವೇ ಇಲ್ಲ.

ಸೆಪ್ಟೆಂಬರ್ 3

ಕಾಣಿಸಿತ್ತು. ಮರ, ಮೋರಿ, ಎರಡೂ.

ಸೆಪ್ಟೆಂಬರ್ 5, ಬೆಳಗ್ಗೆ

ನಿನ್ನೆಯಿಂದ ಗಾಳಿ. ಒಂದೊಂದು ಬೀಸಿಗೂ ಎಷ್ಟು ಕಾಳು ಉದುರುತ್ತಿದೆಯೋ. ಅತ್ತೆ ಕಿಟಕಿ ಬಿಟ್ಟು ಏಳುತ್ತಿಲ್ಲ. ಹದಿನೈದನೆಯ ವಯಸ್ಸಿನಿಂದ ಒಂದು ವರ್ಷವೂ ತಪ್ಪಿಸಿಲ್ಲವಂತೆ. ಹೆರಿಗೆಯಾದ ವರ್ಷ ಕೂಡ.

"ತಿಂಡಿ ತಿಂದ್ಯಾ?" ಅಂತ ಕೇಳಿದಳು. ಬೇರೇನೂ ಕೇಳಲಿಲ್ಲ. ಕೇಳಿದ್ದರೆ ಹೇಳಿಬಿಡುತ್ತಿದ್ದೆನೇನೋ... ಗೊತ್ತಿಲ್ಲ.

ಸೆಪ್ಟೆಂಬರ್ 6

ಸಮುದಾಯ ಭವನ. ಐದು ಜನ, ನೀರಿನಂಥ ಕಾಫಿ. ಲೆರಾಯ್ ಕೇಳುವ ಮೊದಲೇ ಅತ್ತೆ ಶುರು ಮಾಡಿದಳು. "ತಪ್ಪು ನಂದು. ನಾನೇ ಅವನಿಗೆ..."

ಎದ್ದು ನಿಂತೆ.

"ಅತ್ತೆ ಏನೂ ಹೇಳಿರ್ಲಿಲ್ಲ. ನಂಗೆ ಮರ ಕಾಣಿಸ್ತಿತ್ತು."

ಯಾರೂ ಬೆರಗಾಗಲಿಲ್ಲ. ಮೂಲೆಯಲ್ಲಿದ್ದ ಅಜ್ಜಿಯೊಬ್ಬಳು ಕಾಫಿ ಕೆಳಗಿಟ್ಟಳು. "ಗೊತ್ತಪ್ಪಾ. ಇಲ್ಲಿ ಕೂತೋರೆಲ್ಲ ಗಳ ಹಿಡ್ದೋರೇ. ನೀನು ಯಾವತ್ತು ಹೇಳ್ತೀಯಾ ಅಂತ ಕಾಯ್ತಿದ್ವಿ."

ಕಾರ್ಡು ವಾಪಸ್ ಬಂತು. ನನಗೆ ಮಾತ್ರ ಈ ವರ್ಷ ದೋಣಿ ಇಳಿಸುವ ಜಾಗಕ್ಕೆ ಕಾಲಿಡುವ ಹಾಗಿಲ್ಲ. ಎರಡೂ ಕಡೆಗೆ ಹೋಗುವುದು ಅಲ್ಲಿಂದಲೇ, ಆ ಜಾಗ ಅವರದು.

ದಾರಿಯಲ್ಲಿ ಅತ್ತೆ ಅಂದದ್ದು ಒಂದೇ ಮಾತು. "ಅವತ್ತೇ ಹೇಳಿದ್ರೆ ನಾಕು ದಿನ ಉಳೀತಿತ್ತು."

ಸೆಪ್ಟೆಂಬರ್ 8, ರಾತ್ರಿ

ಇವತ್ತು ಅತ್ತೆಗೆ ಗಳ ಹಾಕಿದವನು ಡ್ವೇನ್, ಪಕ್ಕದ ಮನೆಯವನು. ನಾನು ಮೇಲೆ ರಸ್ತೆಯಲ್ಲಿ ಟ್ರಕ್ಕಿನಲ್ಲಿ ಕೂತಿದ್ದೆ. ಮೂರು ಹೊಡೆದ ಮೇಲೆ ಬಂದರು. ಅರ್ಧ ಮೂಟೆ. ಮಿಕ್ಕದ್ದನ್ನು ಗಾಳಿ ಮೊದಲೇ ಬಡಿದುಬಿಟ್ಟಿತ್ತು.

ಅತ್ತೆ ಪಕ್ಕದಲ್ಲಿ ಕೂತು ಕಾಲರಿಗೆ ಅಂಟಿದ ತೆನೆಯ ಮುಳ್ಳುಮುಳ್ಳು ಸುಂಕು ಆರಿಸಿ ಕಿಟಕಿಯಾಚೆ ಬಿಡುತ್ತಿದ್ದಳು.

"ಆ ಡ್ವೇನ್ ದೋಣೀಲೂ ಫೋನ್ ನೋಡ್ತಾನೆ. ಎರಡು ಸಲ ಪೈರಿನ ಮೇಲೇ ಹತ್ತಿಸ್ದ." ಕಿಟಕಿಯ ಗಾಜು ಏರಿಸಿದಳು. "ಬರೋ ವರ್ಷ ನಾವು ಈಚೆ ಕಡೆನೇ ಬಡಿಯೋಣ."

"ಚೆನ್ನಾಗಿ ಬೆಳೆಯೋದು ಆಚೆ ಕಡೆ. ಅದು ನಿಂದಲ್ವಾ ಅತ್ತೆ?"

"ಇಬ್ರನ್ನೂ ಬಿಡೋ ಕಡೆ ಹೋಗೋದಪ್ಪಾ. ಇರ್ತೀಯಲ್ಲ?"

ಮಿನಿಯಾಪೊಲಿಸ್ಸಿನ ಹಳೆಯ ಗೋದಾಮಿನ ಕೆಲಸಕ್ಕೆ ಸೋಮವಾರ ವಾಪಸ್ ಬರುತ್ತೇನೆ ಅಂತ ನಿನ್ನೆಯೇ ಮೆಸೇಜು ಹಾಕಿದ್ದೆ. ಅವರು ಸರಿ ಅಂದಿದ್ದಾರೆ. ಅತ್ತೆಗೆ ಇನ್ನೂ ಹೇಳಿಲ್ಲ. ಈ ಸಲ ನಾಕು ದಿನ ಕಾಯಿಸಬಾರದು. ಒಳಗೆ ಲೈಟು ಹತ್ತಿತು, ಎದ್ದಿದ್ದಾಳೆ. ಹೋಗಿ ಹೇಳಿ—