ಮಗುಚಿದ ವರಹ

ಗುಬ್ಬಿ
೧೨-೫-೧೯೭೯

ಅಪ್ಪಾ,

ನಾನ್ ಕದ್ದಿಲ್ಲ. ನೀನು ಬಾಯ್ಬಿಟ್ಟು ಕಳ್ಳ ಅನ್ಲಿಲ್ಲ, ಸರಿ. ಅಕ್ಕಸಾಲಿ ಆಚಾರ್ರ ಅಂಗಡೀಲಿ "ದೇವರ ಪೆಟ್ಟಿಗೆ ಕೀ ಯಾರತ್ರ ಇರುತ್ತೆ?" ಅಂತ ಕೇಳಿ ನನ್ ಮುಖ ನೋಡಿದ್ಯಲ್ಲ, ಅಷ್ಟೇ ಸಾಕಾಯ್ತು. ಅದೂ ಉಮಕ್ಕನ್ನ ತಂದ್ಕೊಳ್ಳೋ ಬೀಗರ ಮುಂದೆ. ಅಮೃತೂರಲ್ಲಿ ಅತ್ತೆ ಮನೇಲಿ ಆರಾಮಾಗಿದೀಯಾ? ಮಂಡಿನೋವು ಹೆಂಗಿದೆ? ಅಮ್ಮ ಕೇಳು ಅಂದ್ಳು, ಕೇಳಿದೀನಿ. ಆ ಮಂಡಿ ಮಡಚೋಕಾಗಲ್ಲ ಅಂತ ಪೂಜೆ ನನ್ ತಲೆಗೆ ಕಟ್ಟಿದವ್ನು ನೀನೇ. ಕೀ ನನ್ನತ್ರ ಇರದೆ ಇನ್ಯಾರತ್ರ ಇರುತ್ತೆ?

ಅಕ್ಕನ ತಾಳಿಗೆ ಪೋಣಿಸೋಣ ಅಂತ ಪೂಜೆ ಮಾಡೋ ಚಿನ್ನದ ವರಹನ ದೇವರ ಪೆಟ್ಟಿಗೆ ಸಮೇತ ತುಮಕೂರಿಗೆ ತಗೊಂಡೋದವ್ನೂ ನೀನೇ. ಆಚಾರ್ರು ಪೆಟ್ಟಿಗೆ ತಳದ ಅರಗಿಂದ ಅದನ್ನ ಎಬ್ಬಿಸಿ ಮಗುಚಿದ್ರು. ಹಿಂದೆ ನಕ್ಷತ್ರ! "ಇದು ಇಕ್ಕೇರಿ ವರಹ ಅಲ್ಲ ಸ್ವಾಮಿ, ಮದ್ರಾಸಿನ ಇಂಗ್ಲಿಷ್ ಕುಂಪಣಿಯೋರು ಹೊಡೆಸಿದ್ದು. ಚಿನ್ನ ಮಾತ್ರ ಚಿನ್ನಾನೇ" ಅಂದ್ರು. ನಿನ್ ಮುಖ ಕಪ್ಪಿಟ್ಟೋಯ್ತು. ಇಕ್ಕೇರಿ ಅರಸರು ನಮ್ ಮುತ್ತಾತಂಗೆ ಕೊಟ್ಟಿದ್ದು ಅಂತ ಊರ್ತುಂಬ ಜಂಬ ಕೊಚ್ಕೊಂಡಿದ್ಯಲ್ಲ, ಅದು ಸುಳ್ಳಾಗೋದಕ್ಕಿಂತ ಮಗ ವರಹ ಬದಲಾಯಿಸಿದ ಕಳ್ಳ ಆಗೋದೇ ವಾಸಿ ಅನ್ನಿಸ್ತು ನಿಂಗೆ.

ನಮ್ಮನೇಲಿ ಯಾರು ಅದರ ಬೆನ್ನು ನೋಡಿದ್ರು ಹೇಳು? ದೇವರನ್ನ ಬೋರಲು ಹಾಕಬಾರದು ಅಂತ ತಾತ ಅರಗು ಕಾಯಿಸಿ ಕೂರಿಸಿದ್ದು. ವಿಭೂತಿ ಉಜ್ಜೀ ಉಜ್ಜೀ ಮುಂದಿರೋ ಸ್ವಾಮಿ ಒಬ್ಬರೋ, ಇಕ್ಕೇರಿ ವರಹದಲ್ಲಿರೋ ಹಂಗೆ ಇಬ್ಬರೋ ಅನ್ನೋದೂ ಸವೆದೋಗಿತ್ತು. ನೀನು ಮುನಿಸ್ಕೊಂಡು ಬಸ್ ಹತ್ತಿದ ಮೇಲೆ ಖಾಲಿ ಪೆಟ್ಟಿಗೆನ ಬಿಸಿಲಿಗೆ ಹಿಡಿದು ನೋಡ್ದೆ. ತಾತ ಹಾಕಿದ ಅರಗಲ್ಲೇ ನಕ್ಷತ್ರ ಅಚ್ಚೊತ್ತಿ ಕೂತಿದೆ, ತಾತನ ಕಾಲದಿಂದ್ಲೂ ಇದೇ ವರಹ. ಅಮ್ಮಂಗೆ ತೋರಿಸ್ದೆ, ಅತ್ತುಬಿಟ್ಲು. ಬೀಗರು ಚನ್ನವೀರಯ್ಯನೋರನ್ನ ಕರೆಸಿ ತೋರಿಸ್ದೆ. "ಥೂ, ನಿಮ್ಮಪ್ಪಂಗೆ ಏನಾಗಿತ್ತೋ ಮಾರಾಯ" ಅಂತ ನಕ್ರು. ಮದುವೆ ನಿಲ್ಲಲ್ಲ, ಹೆದರ್ಬೇಡ. ಊರೋರು ಈಗ ನಿನ್ನ ನೆನೆಸ್ಕೊಂಡು ನಗ್ತಾವ್ರೆ. ನಗಲಿ, ಚೆನ್ನಾಗಿ ನಗಲಿ. ತಪ್ಪಾಯ್ತು ಕಣ್ಲಾ ಅಂತ ಒಂದ್ ಮಾತು ಹೇಳಿ ಕಳಿಸ್ತೀಯೇನೋ ಅಂತ ಕಾದೆ. ನೀನು ಅತ್ತೆ ಕೈಲಿ ಕಂಬಳಿ ಬೇಕು ಅಂತ ಹೇಳಿ ಕಳಿಸ್ದೆ.

ಕಂಬಳಿ ಕಳಿಸಿದೀನಿ. ಅತ್ತೆಗೂ ಮಾವಂಗೂ ನಮಸ್ಕಾರ. ನಿಂಗೆ ಇಲ್ಲ.

ನಿನ್ನ ಮಗ (ಹೌದೋ ಅಲ್ವೋ ನೀನೇ ಹೇಳು),
ವೀರಭದ್ರ

ಬರೆಯೋದು ಮರ್ತೆ: ಅಕ್ಕಂಗೆ ಆ ವರಹ ಬೇಡ್ವಂತೆ. ಅರಗು ಕರಗಿಸಿ ವಾಪಸ್ ಪೆಟ್ಟಿಗೇಲಿ ಕೂರಿಸಿದೀನಿ, ದೇವರು ಕೆಳಕ್ಕೆ, ನಕ್ಷತ್ರ ಮೇಲಕ್ಕೆ. ಹಳೇ ಅಚ್ಚು ಹೋಯ್ತು. ನೋಡೋರೆಲ್ಲ ನೋಡಿದಾರೆ, ನೀನೊಬ್ಬ ಮಾತ್ರ ನೋಡೋಕಾಗಲ್ಲ. ನಾನ್ ಕದ್ದಿಲ್ಲ ಅನ್ನೋದನ್ನ ಇನ್ಮೇಲೆ ನೀನು ನನ್ ಬಾಯ್ಮಾತಿನ ಮೇಲೇ ನಂಬಬೇಕು. ಲಾರಿಯೋನು ಹಾರನ್ ಹೊಡೀತಾವ್ನೆ, ಮನೆ ಬಿಟ್ಟು ಹೊರಟೆ. ಬಾಗಿಲು ದಢಾರಂತ ಎಳೀತೀನಿ, ಅಮೃತೂರಿಗೂ ಕೇಳಿಸಲಿ.