ಅಕ್ಕನ ಲ್ಯಾಪ್‌ಟಾಪ್‌ನಾಗ ನನ್ನ ಹೆಸರು

ಆಗಸ್ಟ್ 19, ಮಂಗಳವಾರ

ಇವತ್ತು ಯಶ್ಮಿತಾ ಅಕ್ಕನ ಪ್ರಾಜೆಕ್ಟ್ ಕೆಡಿಸಿಬಿಟ್ಟೆ. ಅಕ್ಕ ನನ್ನ ರೂಮ್‌ಮೇಟ್, ಫೈನಲ್ ಇಯರ್. ನಾಳೆ ಹತ್ತಕ್ಕೆ ಅವಳ ಡೆಮೊ.

ಐದನೇ ಕ್ಲಾಸಿನಿಂದ ಹಾಸ್ಟೆಲ್‌ನಾಗ ಬೆಳೆದವಳು ನಾನು. ಇಸ್ಕೊಂಡ ವಸ್ತು ಒಗೆದು, ಒರೆಸಿ ವಾಪಸ್ ಕೊಡಬೇಕು ಅನ್ನೋದು ಅಲ್ಲಿಯ ರೂಲ್. ಅವಳ ಲ್ಯಾಪ್‌ಟಾಪ್‌ನಲ್ಲಿ ಅಸೈನ್‌ಮೆಂಟ್ ಮುಗಿಸಿ, ಥ್ಯಾಂಕ್ಸ್ ಅಂತ, ಅದರಾಗಿನ ಹಳೇ ಸಾಫ್ಟ್‌ವೇರ್ ಪ್ಯಾಕೇಜ್‌ಗಳನ್ನೆಲ್ಲ ಅಪ್‌ಡೇಟ್ ಮಾಡಿಕೊಟ್ಟೆ. ಅವಳ ಕೋಡ್‌ಗೆ ಆ ಹಳೇ ವರ್ಷನ್‌ಗಳೇ ಬೇಕಿದ್ದವು. ರನ್ ಮಾಡಿದರೆ ಸ್ಕ್ರೀನ್ ತುಂಬ ಎರರ್.

ಬೈತಾಳ ಅಂತ ಕಾದೆ. “ವರ್ಷನ್ ಬರೆದಿಡದ್ದು ನನ್ನ ತಪ್ಪು ಮಾರಾಯ್ತಿ,” ಅಂದಳು.

“ಭಾಳ ಸಾರಿ ಅಕ್ಕಾ,” ಅಂದೆ, ಹತ್ತನೇ ಸಲ.

“ಸಾರಿಯನ್ನೂ ಅಪ್‌ಡೇಟ್ ಮಾಡ್ತಾ ಇರಬೇಡ. ಹಳೇದೇ ಸಾಕು.”

ಅವಳ ಪ್ರಾಜೆಕ್ಟ್‌ಗೇ ಅಂತ ಬೇರೆ ಎನ್ವಿರಾನ್‌ಮೆಂಟ್ ಮಾಡಿದೆವು, ಅಂದರೆ ಆ ಪ್ಯಾಕೇಜ್‌ಗಳಿಗೇ ಒಂದು ಸ್ವಂತ ಕೋಣೆ. ಹಳೇ ವರ್ಷನ್‌ಗಳನ್ನ ಒಂದೊಂದಾಗಿ ಹಾಕಿ ನೋಡುವಾಗ ಮೆಸ್ ಮುಚ್ಚಿತು. ನಿಗಡಿ ಊರಿನಾಗಿರೋ ಅವಳ ಅಪ್ಪನ ಹೋಟೆಲಿನಿಂದ ಅವಳು ತಂದಿಟ್ಟಿದ್ದ ಗೋಳಿಬಜೆ, ಮೈದಾದ ಬೋಂಡಾ, ತಿಂದೆವು. ಒಂಬತ್ತಕ್ಕೆ ಪ್ರಾಜೆಕ್ಟ್ ಓಡಿತು. ತಕ್ಷಣ ವರ್ಷನ್‌ಗಳನ್ನೆಲ್ಲ ಒಂದು ಫೈಲಿಗೆ ಬರೆದಿಟ್ಟಳು.

ಇನ್ನು ಲ್ಯಾಪ್‌ಟಾಪ್ ಕೇಳೋಕೆ ನನಗೆ ಮುಖ ಇಲ್ಲ ಅಂದ್ಕೊಂಡಿದ್ದೆ. ಅಷ್ಟರಾಗ ಅವಳು ಇನ್ನೊಂದು ಎನ್ವಿರಾನ್‌ಮೆಂಟ್ ಮಾಡಿ, ಅದಕ್ಕೆ ‘ರೇಣು’ ಅಂತ ನನ್ನ ಹೆಸರಿಟ್ಟಳು. “ಇದರೊಳಗೆ ಏನು ಬೇಕಾದರೂ ಹಾಕು, ಹಾಳು ಮಾಡು. ನನ್ನದಕ್ಕೆ ತಾಗುವುದಿಲ್ಲ.”

ಎಂಟು ವರ್ಷ ಮಂಚ, ಬಕೆಟ್, ಕಪಾಟು ಎಲ್ಲಾ ಹಂಚ್ಕೊಂಡೇ ಇದ್ದವಳು ನಾನು. ‘ರೇಣು’ ಒಳಗೆ ಇನ್ನೂ ಏನೂ ಹಾಕಿಲ್ಲ. ಸುಮ್ಮನೆ ಎರಡು ಸಲ ತೆರೆದು ನೋಡಿದೆ.